ಮಂಗಳೂರಿನ ಸಂತ ಅಲೋಶಿಯಸ್: ಒಬ್ಬ ತಾಯಿಯ ಅನಿಸಿಕೆ

ಮಗಳ ಪದವಿ ಪ್ರವೇಶಕ್ಕೆಂದು ಸಂತ ಅಲೋಶಿಯಸ್ ಇರುವ ಬಾವುಟಗುಡ್ಡೆ ಹತ್ತಿದವಳು ನಾನು. ಜೆಸ್ವಿತ್ ಪಾದ್ರಿಗಳು 1880ರಲ್ಲಿ ಆರಂಭಿಸಿದ ಈ ಸಂಸ್ಥೆ 2007ರಲ್ಲಿ ಸ್ವಾಯತ್ತ ಕಾಲೇಜಾಯಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಈಗ ಪದವಿಯನ್ನೂ ತಾನೇ ಕೊಡುತ್ತದೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿವೆ. ಸ್ನಾತಕೋತ್ತರ ಓದಿಗೂ ಸಂಶೋಧನೆಗೂ ಅವಕಾಶವಿದೆ.

ನನಗೆ ಬಹಳ ಹಿಡಿಸಿದ್ದು ಇಲ್ಲಿನ ಸಮುದಾಯ ಬಾನುಲಿ, ರೇಡಿಯೋ ಸಾರಂಗ್ 107.8. ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಕಾರ್ಯಕ್ರಮಗಳು ಬರುತ್ತವೆ. ಪತ್ರಿಕೋದ್ಯಮ ಓದಬೇಕೆನ್ನುವ ಮಗಳಿಗೆ ಊರಿನ ಮಾತು ಕೇಳುವ ಕಿವಿ ಇಲ್ಲಿಯೇ ಬೆಳೆದೀತು. ಎಷ್ಟು ಕಾಲೇಜುಗಳಲ್ಲಿ ಇದು ಸಿಗುತ್ತದೆ?

ಇನ್ನು ಚಾಪೆಲ್, ಅಂದರೆ ಇಲ್ಲಿನ ಪ್ರಾರ್ಥನಾ ಮಂದಿರ. ಇಟಲಿಯ ಅಂತೋನಿಯೋ ಮೊಸ್ಕೇನಿ ಸುಮಾರು 1900ರಲ್ಲಿ ಬಿಡಿಸಿದ ಚಿತ್ರಗಳು ಗೋಡೆ, ಕಮಾನು, ಚಾವಣಿಗಳನ್ನೆಲ್ಲ ತುಂಬಿವೆ. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಸಿರಿವಂತ ಮನೆತನದ ಹಕ್ಕನ್ನೇ ಬಿಟ್ಟುಕೊಟ್ಟು ರೋಗಿಗಳ ಸೇವೆಗೆ ನಿಂತ ಯುವಕ ಅಲೋಶಿಯಸನ ಬದುಕು ಅಲ್ಲಿದೆ. ಕತ್ತು ನೋಯುವವರೆಗೆ ನೋಡಿದೆ. ಕರಾವಳಿಯ ತೇವದಲ್ಲಿ ಇವನ್ನು ಉಳಿಸಿಕೊಂಡವರ ಶ್ರಮ ದೊಡ್ಡದು.

ಕ್ಯಾಂಪಸ್ ನೋಡಲು ಬರುವ ಪೋಷಕರು ಕಚೇರಿಯ ಕೆಲಸ ಮುಗಿಸಿ ಹಾಗೆಯೇ ಹೊರಟುಬಿಡಬೇಡಿ. ಮಕ್ಕಳನ್ನು ಚಾಪೆಲ್‌ಗೆ ಕರೆದೊಯ್ಯಿರಿ, ಅಲೋಶಿಯಂ ವಸ್ತುಸಂಗ್ರಹಾಲಯವನ್ನೂ ತೋರಿಸಿ.