ಗೇರ್ ನಾಬ್‌ಗೆ ಲೆದರ್ ಹಾಕಿಸೋರು ಮೊದಲು ಇದನ್ನು ಓದಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಸಲಿ ಲೆದರ್ ಅಂತ ಹೇಳಿ, ಅಸಲಿ ಲೆದರ್‌ನ ದುಡ್ಡು ಎಣಿಸಿಕೊಂಡು, ನನ್ನ ಕಾರಿನ ಗೇರ್ ನಾಬ್‌ಗೆ ರೆಕ್ಸಿನ್ ಹೊಲಿದು ಕೊಟ್ಟಿದ್ದಾರೆ. ರೆಕ್ಸಿನ್!

ಹೊಲಿಯುವವರಿಗೆ ನಾಬ್ (ಗೇರ್ ಹಾಕುವಾಗ ಕೈಯಲ್ಲಿ ಹಿಡಿಯುವ ಹಿಡಿ) ಬಿಚ್ಚಿ ಕೊಟ್ಟಿದ್ದೆ. ವಾಪಸ್ ಬಂದಾಗ ನೋಡೋಕೆ ಚೆನ್ನಾಗಿಯೇ ಇತ್ತು. ಹೊಳೆಯುವ ಕಪ್ಪು, ಕೆಂಪು ದಾರದ ಹೊಲಿಗೆ. ಹಿಡಿದರೆ ಮಾತ್ರ ಯಾಕೋ ದಪ್ಪ ಅನ್ನಿಸಿತು. ಕೇಳಿದ್ದಕ್ಕೆ, 'ಒಳ್ಳೆ ಲೆದರ್ ಅಲ್ವಾ ಸರ್, ಬಳಸ್ತಾ ಬಳಸ್ತಾ ಕೂರುತ್ತೆ' ಅಂದರು. ಕೂರಲಿಲ್ಲ. ಕೈಯಲ್ಲಿ ತಿರುಗೋಕೆ ಶುರುವಾಯಿತು. ನನ್ನ ಕಾರಲ್ಲಿ ರಿವರ್ಸ್ ಹಾಕೋಕೆ ನಾಬ್ ಕೆಳಗಿನ ರಿಂಗ್ ಎತ್ತಬೇಕು, ಅದು ಹೊಲಿಗೆಯ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಹಿಂದೆ ಗಾಡಿ ಕಾಯುತ್ತಿದ್ದರೂ ನಾನು ರಿಂಗ್ ಜೊತೆ ಗುದ್ದಾಡಬೇಕು.

ಆಮೇಲೆ ಹೆಬ್ಬೆರಳು ತಾಗುವ ಜಾಗದಲ್ಲೇ ಹೊಲಿಗೆ ಬಿಟ್ಟಿತು. ಉಗುರಿನಿಂದ ಸ್ವಲ್ಪ ಎತ್ತಿ ನೋಡಿದೆ. ಒಳಗೆ ಬಿಳಿ ಬಟ್ಟೆ. ಬನಿಯನ್ ಥರದ ಬಟ್ಟೆ, ಅದರ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಪದರ. ಚರ್ಮದ ಹಿಂಬದಿ ನಾರು ನಾರಾಗಿ, ಒರಟಾಗಿ ಇರುತ್ತದೆ. ಅಲ್ಲಿ ಬಟ್ಟೆ ಎಲ್ಲಿಂದ ಬಂತು? ಇನ್ನೂ ಎತ್ತಿದರೆ ಕೆಳಗೆ ನನ್ನ ಹಳೇ ಲೆದರ್! ಕಿತ್ತೇ ಇಲ್ಲ. ಅದರ ಮೇಲೇ ಗಮ್ ಬಳಿದು ಅಂಟಿಸಿಬಿಟ್ಟಿದ್ದಾರೆ. ದಪ್ಪ ಯಾಕೆ ಅಂತ ಆಗ ಗೊತ್ತಾಯಿತು. ಹೊಟ್ಟೆ ಉರಿದುಹೋಯಿತು. ಸ್ನೇಹಿತರನ್ನೆಲ್ಲ ಕೂರಿಸಿಕೊಂಡು ಲೆದರ್ ಹಾಕಿಸಿದೆ ಅಂತ ತೋರಿಸಿದ್ದೆ, ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಫೋಟೋ ಕಳಿಸಿದೆ. ಬಂದ ಉತ್ತರ, 'ನಿಮ್ಮ ಕೈ ಬೆವರು ಜಾಸ್ತಿ ಸರ್.' ನನ್ನ ಬೆವರಿಗೂ ಒಳಗಿನ ಬಟ್ಟೆಗೂ ಏನ್ರೀ ಸಂಬಂಧ? ಮತ್ತೆ ಕೇಳಿದರೆ, 'ಇದು ಪಿಯು ಲೆದರ್, ಅದೂ ಲೆದರೇ.' ಅಲ್ಲ. ಪಿಯು ಅಂದರೆ ಪಾಲಿಯುರೆಥೇನ್, ಪ್ಲಾಸ್ಟಿಕ್. ಅದನ್ನೇ ಹಾಕೋದಾದರೆ ಮೊದಲೇ ಹೇಳಬೇಕಿತ್ತು, ದುಡ್ಡೂ ಅದರದ್ದೇ ತಗೋಬೇಕಿತ್ತು. ವಾಪಸ್ ಕೊಡಿ ಅಂದ ಮೇಲೆ, 'ಕಸ್ಟಮ್ ಕೆಲಸಕ್ಕೆ ರಿಟರ್ನ್ ಇಲ್ಲ.' ಈಗ ಮೆಸೇಜ್ ನೋಡುತ್ತಾರೆ, ಉತ್ತರ ಕೊಡುವುದಿಲ್ಲ. ಗಮ್ ಉಜ್ಜಿದರೆ ಹಳೇ ಲೆದರ್‌ನ ಬಣ್ಣವೇ ಕಿತ್ತು ಬರುತ್ತಿದೆ. ಹೊಸದೂ ಇಲ್ಲ, ಇದ್ದದ್ದೂ ಹೋಯಿತು.

ಹಾಕಿಸೋದಾದರೆ ಹೊಲಿಯುವ ಮೊದಲೇ ತುಂಡನ್ನು ತಿರುಗಿಸಿ ಹಿಂಬದಿ ನೋಡಿ. ಬಟ್ಟೆ ಕಂಡರೆ ಎದ್ದು ಬನ್ನಿ. ಹಳೇ ಲೆದರ್ ಕಿತ್ತು ನಿಮ್ಮ ಕೈಗೇ ಕೊಡಲಿ. ಕಾರಲ್ಲಿ ಕೂತು ಎಲ್ಲಾ ಗೇರ್ ಹಾಕಿ ನೋಡಿ, ರಿವರ್ಸ್ ಅಂತೂ ಹಾಕಲೇಬೇಕು. ಅಲ್ಲೀವರೆಗೆ ಪೂರ್ತಿ ದುಡ್ಡು ಕೊಡಬೇಡಿ, 'ನಂಬಿಕೆ ಇಲ್ವಾ ಸರ್' ಅಂತ ಎಷ್ಟೇ ಕೇಳಿದರೂ ಕೊಡಬೇಡಿ. ನನಗೂ ಹಾಗೇ ಕೇಳಿದ್ದರು.