ಬಂದೂಕಿಗೆ ಯಾವ ವಿಮೆ: ಗೃಹ ರಕ್ಷಾ, ಆಲ್ ರಿಸ್ಕ್, ಪ್ರತ್ಯೇಕ ಪಾಲಿಸಿ

ನಮ್ಮ ದೇಶದಲ್ಲಿ ಬಂದೂಕಿನ ಸಂಗ್ರಹ ದೊಡ್ಡದಾಗಿರಲು ಕಾನೂನೇ ಬಿಡುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಿಂದ, ಸಾಮಾನ್ಯ ಲೈಸೆನ್ಸ್‌ದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಕಲಬುರಗಿಯ ನಮ್ಮ ಮನೆಯಲ್ಲಿ ಈಗಿರುವುದು ಅಜ್ಜನವರಿಂದ ಬಂದ, ಇಂಗ್ಲೆಂಡಿನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ ಬಂದೂಕು ಮತ್ತು ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್. ಇವಲ್ಲದೆ, ಬಾಯಿಯಿಂದ ಮದ್ದು ತುಂಬುತ್ತಿದ್ದ ನಿಜಾಮರ ಕಾಲದ ಕೋವಿಯೊಂದು ಗೋಡೆಯ ಮೇಲಿದೆ. ಅದು ದುರಸ್ತಿ ಮಾಡಿದರೂ ಸಿಡಿಯುವ ಸ್ಥಿತಿಯಲ್ಲಿಲ್ಲವಾದ್ದರಿಂದ ಕಾಯ್ದೆಯ 45ನೇ ಕಲಮಿನ ವಿನಾಯಿತಿಗೆ ಒಳಪಡುತ್ತದೆ. ಸಂಖ್ಯೆ ಚಿಕ್ಕದಾದರೂ ಬೆಲೆ ಚಿಕ್ಕದಲ್ಲ. ಖಾಸಗಿ ವ್ಯಕ್ತಿಗಳು ವಿದೇಶಿ ಬಂದೂಕು ತರಿಸಿಕೊಳ್ಳುವುದು 1980ರ ದಶಕದ ಮಧ್ಯದಿಂದ ಬಹುಮಟ್ಟಿಗೆ ನಿಂತುಹೋಗಿರುವುದರಿಂದ, ಸುಸ್ಥಿತಿಯಲ್ಲಿರುವ ಹಳೆಯ ಇಂಗ್ಲಿಷ್ ಬಂದೂಕಿಗೆ ಬದಲಿ ಸಿಗುವುದೇ ಕಷ್ಟ.

ಇವುಗಳಿಗಾಗಿ ನಾನು ಮೂರು ಬಗೆಯ ವಿಮೆಗಳನ್ನು ಬೇರೆ ಬೇರೆ ಅವಧಿಗಳಲ್ಲಿ ಮಾಡಿಸಿ ನೋಡಿದ್ದೇನೆ.

ಮೊದಲನೆಯದು ‘ಭಾರತ್ ಗೃಹ ರಕ್ಷಾ’. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಷರತ್ತುಗಳಲ್ಲಿ ಕೊಡುತ್ತಿರುವ ಮನೆಯ ಪಾಲಿಸಿ ಇದು. ಕಟ್ಟಡಕ್ಕೆ ಮಾಡಿಸಿದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಗಲಭೆ ಎಲ್ಲವೂ ಇದರಲ್ಲಿ ಸೇರಿವೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಜೇವರ್ಗಿ, ಅಫಜಲಪುರ ಭಾಗದ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಇಷ್ಟೇ ಸಾಕೆನಿಸಬಹುದು. ಆದರೆ ಬಂದೂಕಿನ ಮಟ್ಟಿಗೆ ದೊಡ್ಡ ಭಯ ಕಳ್ಳತನದ್ದು, ಮತ್ತು ಈ ಪಾಲಿಸಿ ಕೈಬಿಡುವುದೂ ಅಲ್ಲಿಯೇ. ಬೆಂಕಿ, ಪ್ರವಾಹದಂತಹ ಘಟನೆ ನಡೆದ 7 ದಿನಗಳೊಳಗೆ, ಆ ಘಟನೆಯ ಕಾರಣದಿಂದಲೇ ಕಳವಾದರೆ ಮಾತ್ರ ಪರಿಹಾರ ಉಂಟು. ಸಾಧಾರಣ ರಾತ್ರಿಯೊಂದರಲ್ಲಿ ಬೀಗ ಮುರಿದು ಒಯ್ದರೆ ಇಲ್ಲ. ಸ್ಫೋಟಕ ವಸ್ತುಗಳನ್ನೂ ಸ್ಪಷ್ಟವಾಗಿ ನಮೂದಿಸದ ಹೊರತು ಹೊರಗಿಟ್ಟಿರುವುದರಿಂದ, ಕಾಡತೂಸಿನ ಪೆಟ್ಟಿಗೆಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬೆಲೆಬಾಳುವ ವಸ್ತುಗಳಿಗೆಂದು ಇದರಲ್ಲಿ ಐಚ್ಛಿಕ ರಕ್ಷಣೆಯೊಂದಿದ್ದು, ಮೊದಲೇ ಒಪ್ಪಿಕೊಂಡ ಬೆಲೆಯನ್ನೇ ನಷ್ಟದ ಸಮಯದಲ್ಲಿ ಆಧಾರವಾಗಿ ಹಿಡಿಯುತ್ತಾರೆ. ಅಂಥ ವಸ್ತುಗಳ ಒಟ್ಟು ವಿಮಾ ಮೊತ್ತ 5 ಲಕ್ಷ ರೂಪಾಯಿಯೊಳಗೆ ಮತ್ತು ಒಂದೊಂದರ ಬೆಲೆ 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನದ ಪ್ರಮಾಣಪತ್ರವನ್ನೂ ಕೇಳುವುದಿಲ್ಲ. ಸಿಡಿಯದ ಹಳೆಯ ಕೋವಿಗೆ ಹೇಳಿಮಾಡಿಸಿದ ಜಾಗವೆಂದರೆ ಇದೇ. ಅದನ್ನು ಬೀದರಿನ ಬಿದರಿ ಹುಕ್ಕಾ ಮತ್ತು ಬೆಳ್ಳಿಯ ತಟ್ಟೆಗಳ ಸಾಲಿನಲ್ಲಿ ಪುರಾತನ ವಸ್ತುವೆಂದು ಪಟ್ಟಿಗೆ ಸೇರಿಸಿದ್ದೇನೆ.

ಎರಡನೆಯದು ಖಾಸಗಿ ಕಂಪನಿಯೊಂದರ ಮನೆಯ ಪ್ಯಾಕೇಜ್ ಪಾಲಿಸಿ. ಅದರ ಕನ್ನಗಳವಿನ ವಿಭಾಗಕ್ಕೆ ಬೀಗವನ್ನೋ ಕಿಟಕಿಯನ್ನೋ ಮುರಿದ ಗುರುತು ಬೇಕು. ‘ಆಲ್ ರಿಸ್ಕ್’ ವಿಭಾಗಕ್ಕೆ (ಪಾಲಿಸಿಯಲ್ಲಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಬಗೆಯ ನಷ್ಟಕ್ಕೂ ರಕ್ಷಣೆ ಕೊಡುವ ಭಾಗ) ಅದು ಬೇಡ, ಆದರೆ ಪ್ರತಿಯೊಂದು ವಸ್ತುವನ್ನೂ ತಯಾರಕರ ಹೆಸರು, ಬೋರು, ನಳಿಗೆಯ ಮೇಲಿನ ನಂಬರು ಸಹಿತ ಬರೆಸಬೇಕು. ನನಗೆ ಹೇಳಿದ ದರ ವಿಮಾ ಮೊತ್ತದ ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. (2025ರ ಸೆಪ್ಟೆಂಬರ್‌ನಲ್ಲಿ ವ್ಯಕ್ತಿಗತ ಜೀವ ವಿಮೆಗೂ ಆರೋಗ್ಯ ವಿಮೆಗೂ ತೆರಿಗೆ ತೆಗೆದರು, ಆಸ್ತಿ ವಿಮೆಗೆ ಆ ಭಾಗ್ಯ ಬರಲಿಲ್ಲ.) ತೊಗರಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಹೊರಟಿದ್ದಾಗ ಜೀಪಿನಿಂದ ಜಾರಿ ಬಿದ್ದು, ಬಂದೂಕಿನ ಭುಜಕ್ಕೆ ಆನಿಸುವ ಮರದ ಭಾಗ ಹಿಡಿಕೆಯ ಬಳಿ ಸೀಳಿತು. ಆ ಕ್ಲೇಮಿಗೆ ಹಣ ಬಂತು, ಆದರೆ ಸವಕಳಿಯನ್ನು ಕಳೆದ ಮೇಲೆ. ಮರ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆಂಬ ಲೆಕ್ಕ ಸೋಫಾಕ್ಕೆ ಸರಿ. ಎಂಬತ್ತು ವರ್ಷ ಪಳಗಿದ ಅಕ್ರೋಟಿನ ಮರಕ್ಕೆ ಅದನ್ನು ಹಚ್ಚುವುದು ನನಗೆ ಈಗಲೂ ಒಪ್ಪಿಗೆಯಿಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಬೇರೆ ಇತ್ತು. 2023ರ ವಿಧಾನಸಭೆ ಚುನಾವಣೆಯಲ್ಲೂ 2024ರ ಲೋಕಸಭೆ ಚುನಾವಣೆಯಲ್ಲೂ ನೀತಿಸಂಹಿತೆ ಜಾರಿಯಾದ ಕೂಡಲೇ ಎರಡೂ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಯಿತು. ಅಲ್ಲಿ ಬಂದೂಕುಗಳ ಕೊರಳಿಗೆ ಹೆಸರಿನ ಚೀಟಿ ಕಟ್ಟಿ, ಒಂದಕ್ಕೊಂದು ಒರಗಿಸಿ ಸಾಲಾಗಿ ನಿಲ್ಲಿಸಿರುತ್ತಾರೆ. ನಳಿಗೆಗೆ ನಳಿಗೆ ತಾಗಿ ಗೀರು ಬೀಳುವುದು ಸಹಜ. ಆ ಅವಧಿಯ ನಷ್ಟಕ್ಕೆ ಯಾರು ಹೊಣೆ ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿದಾಗ, ಪಾಲಿಸಿದಾರರ ಸ್ವಾಧೀನದಲ್ಲಿರುವಾಗ ಮಾತ್ರ ರಕ್ಷಣೆಯೆಂಬ ಉತ್ತರ ಬಂತು. ರಿಪೇರಿಗೆಂದು ಡೀಲರ ಅಂಗಡಿಯಲ್ಲಿ ಬಿಟ್ಟ ದಿನಗಳಿಗೂ ಇದೇ ಮಾತು ಅನ್ವಯಿಸಿತು. ನಮ್ಮ ಭಾಗದಲ್ಲಿ ಬಂದೂಕು ಮನೆಯ ಹೊರಗೆ ಕಳೆಯುವ ಕಾಲ ಕಡಿಮೆಯೇನಲ್ಲ. ಆ ಕಾಲಕ್ಕೆ ಅನ್ವಯಿಸದ ಪಾಲಿಸಿಯನ್ನು ನಾನು ಅರ್ಧ ಪಾಲಿಸಿಯೆಂದೇ ಎಣಿಸುತ್ತೇನೆ.

ಮೂರನೆಯದು ಬಂದೂಕಿಗೆಂದೇ ಇರುವ ಪ್ರತ್ಯೇಕ ಪಾಲಿಸಿ. ಇದು ಅಂತರ್ಜಾಲದಲ್ಲಿ ಗುಂಡಿ ಒತ್ತಿದರೆ ಸಿಗುವ ಸರಕಲ್ಲ. ಸಾರ್ವಜನಿಕ ವಲಯದ ಕಂಪನಿಯೊಂದರ ಶಾಖೆಯಲ್ಲಿ ವಿಚಾರಿಸಿದಾಗ, ಅಲ್ಲಿನ ಅಧಿಕಾರಿಗಳು “ಇಂಥಾದ್ದು ಕೊಡಗಿನ ಕಡೆ ಆಗ್ತಾವ್ರೀ, ನಮ್ಮ ಕಡೆ ಯಾರೂ ಕೇಳಿಲ್ಲ” ಎಂದು ಹೇಳಿ, ಕಡತವನ್ನು ಮೇಲಿನ ಕಚೇರಿಗೆ ಕಳಿಸಿದರು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇರುವ ಜಿಲ್ಲೆಯದು. ಅಲ್ಲಿ ಬಂದೂಕಿನ ವಿಮೆ ಅಪರೂಪವಾಗಿರಲಾರದು. ನಮ್ಮಲ್ಲಿ ಲೈಸೆನ್ಸಿನ ಪ್ರತಿ, ಡೀಲರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಬೆಲೆ, ಕಬ್ಬಿಣದ ಕಪಾಟಿನ ಫೋಟೊ ಇವೆಲ್ಲವನ್ನೂ ಲಗತ್ತಿಸಿದ ಮೇಲೆಯೇ ಪಾಲಿಸಿ ಬಂತು. ಬೆಂಕಿ, ಕಳವು, ಆಕಸ್ಮಿಕ ಹಾನಿ ಮೂರಕ್ಕೂ ಭಾರತದ ಎಲ್ಲಿಯಾದರೂ ರಕ್ಷಣೆಯಿದೆ. ಠಾಣೆಯಲ್ಲಿ ಮತ್ತು ಲೈಸೆನ್ಸ್ ಇರುವ ಡೀಲರಲ್ಲಿ ಠೇವಣಿ ಇಟ್ಟ ಅವಧಿಯನ್ನೂ ನನ್ನ ಕೋರಿಕೆಯ ಮೇರೆಗೆ ಷರತ್ತಿನಲ್ಲಿ ಬರೆದುಕೊಟ್ಟರು. ಆಕಸ್ಮಿಕವಾಗಿ ಮೂರನೆಯವರಿಗೆ ಗಾಯವಾದರೆ ಬರುವ ಹೊಣೆಗೂ ಒಂದು ಮಿತಿಯವರೆಗೆ ರಕ್ಷಣೆ ಸೇರಿಸಬಹುದಾಗಿತ್ತು, ಸೇರಿಸಿದೆ. ದರ ಆಲ್ ರಿಸ್ಕ್‌ಗಿಂತ ತುಸು ಕಡಿಮೆಯೇ ಬಿತ್ತು.

ಇದರ ಹೊರಗಿರುವುದೂ ಬಹಳವಿದೆ. ತುಕ್ಕು, ಸವೆತ, ಮಿತಿಮೀರಿ ಮದ್ದು ತುಂಬಿ ನಳಿಗೆ ಸಿಡಿಯುವುದು, ಕಾನೂನುಬಾಹಿರ ಬಳಕೆ, ಇವ್ಯಾವುದಕ್ಕೂ ಹಣ ಇಲ್ಲ. ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರು ಗಮನಿಸಬೇಕು: ಇತರರ ಸುರಕ್ಷತೆಗೆ ಅಪಾಯವಾಗುವಂತೆ ಹಾಗೆ ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗಿನ ಸೆರೆ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು, ವಿಮೆಯೂ ಹತ್ತಿರ ಸುಳಿಯುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು ಹೇಳುವಂತೆ, ಅಲ್ಲಿನ ಮನೆವಿಮೆಯ ಪ್ರಚಲಿತ ನಮೂನೆಯಲ್ಲಿ ಬಂದೂಕು ಕಳವಾದರೆ ಸಿಗುವ ಪರಿಹಾರಕ್ಕೆ 2,500 ಡಾಲರಿನ ಮಿತಿಯಿದೆ. ಅದನ್ನು ಮೀರಿದ ಬೆಲೆಗೆ ಪ್ರತಿಯೊಂದನ್ನೂ ಬೇರೆ ಪಟ್ಟಿ ಮಾಡಿಸುತ್ತಾರೆ. ಅಲ್ಲಿ ಕಳವಿಗೆ ಮಿತಿಯಾದರೂ ಇದೆ. ನಮ್ಮ ಗೃಹ ರಕ್ಷಾದಲ್ಲಿ ಬರೀ ಕಳವಿಗೆ ರಕ್ಷಣೆಯೇ ಇಲ್ಲ.

ಕಳವಿನ ಕ್ಲೇಮಿನ ದಾರಿ ಆಲ್ ರಿಸ್ಕ್‌ಗೂ ಪ್ರತ್ಯೇಕ ಪಾಲಿಸಿಗೂ ಒಂದೇ. ತಕ್ಷಣ ಎಫ್‌ಐಆರ್, ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ಮಾಹಿತಿ, ಕೊನೆಗೆ ಪತ್ತೆಯಾಗಿಲ್ಲವೆಂದು ಪೊಲೀಸರು ಕೊಡುವ ಸಿ ರಿಪೋರ್ಟ್. ಕಂಪನಿ ತಿರಸ್ಕರಿಸಿದರೆ ಒಂದು ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಹೀಗಾಗಿ ಆಲ್ ರಿಸ್ಕ್ ಅನ್ನು ನಾನು ನವೀಕರಿಸಲಿಲ್ಲ. ಮನೆಗೂ ಗೋಡೆಯ ಕೋವಿಗೂ ಗೃಹ ರಕ್ಷಾ, ಎರಡು ಬಂದೂಕುಗಳಿಗೆ ಪ್ರತ್ಯೇಕ ಪಾಲಿಸಿ ಎಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಬಂದೂಕನ್ನು ಕಪಾಟಿನಿಂದ ಹೊರಗೆ ತೆಗೆಯದವರು, ಬೇರೆ ಒಡವೆ ವಸ್ತುಗಳಿಗೂ ರಕ್ಷಣೆ ಬೇಕೆನ್ನುವವರು, ಆಲ್ ರಿಸ್ಕ್ ಅನ್ನೇ ಆಯ್ದುಕೊಂಡರೆ ತಪ್ಪಿಲ್ಲ. ಲೈಸೆನ್ಸಿನ ಅವಧಿ ಈಗ 5 ವರ್ಷ, ಪಾಲಿಸಿಯದು 1 ವರ್ಷ. ಅವಧಿ ಮೀರಿದ ಲೈಸೆನ್ಸಿನ ಬಂದೂಕಿಗೆ ಕ್ಲೇಮ್ ಎತ್ತುವಂತಿಲ್ಲವಾದ್ದರಿಂದ, ಪಾಲಿಸಿಯ ನವೀಕರಣದ ಅರ್ಜಿಯೊಂದಿಗೆ ಲೈಸೆನ್ಸಿನ ಹೊಸ ಪುಟದ ಪ್ರತಿಯನ್ನೂ ಠಾಣೆಯ ಹಳೆಯ ರಸೀದಿಗಳನ್ನೂ ಪ್ರತಿವರ್ಷ ಲಗತ್ತಿಸಿ ಸ್ವೀಕೃತಿ ಪಡೆಯುತ್ತೇನೆ.