ವಿಟ್‌ಚರ್ಚ್ ಒಂದಲ್ಲ: ‘ಎ ವಿಷನ್ ಆಫ್ ಬ್ರಿಟನ್’ ಜಾಲತಾಣ

ಕೊಪ್ಪದ ಕಡೆಯ ಹಳೇ ಕಾಫಿ ತೋಟಗಳ ಚರಿತ್ರೆ ಹುಡುಕುವವರು ಬ್ರಿಟನ್ನಿನ ಊರುಗಳ ಹಳೇ ವಿವರ ಕೊಡುವ ಈ ಜಾಲತಾಣವನ್ನು ಖಂಡಿತ ನೋಡಬೇಕು. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ್ದು, ಪೂರ್ತಿ ಉಚಿತ.

ನನಗೆ ಸಿಕ್ಕ ತೋಟದ ಕಾಗದದಲ್ಲಿ ಅದರ ಇಂಗ್ಲಿಷ್ ದೊರೆಯ ಊರು ವಿಟ್‌ಚರ್ಚ್ ಎಂದಿತ್ತು. ನಮ್ಮ ಹೊಸೂರುಗಳ ಹಾಗೆ ಅದೂ ಹ್ಯಾಂಪ್‌ಶೈರ್, ಶ್ರಾಪ್‌ಶೈರ್, ಡೆವನ್ ಕೌಂಟಿಗಳಲ್ಲೆಲ್ಲಾ (ಕೌಂಟಿ ಎಂದರೆ ಅಲ್ಲಿನ ಜಿಲ್ಲೆ) ಇದೆ. ಇಲ್ಲಿರುವ 1870–72ರ ವಿಲ್ಸನ್ ಗೆಜೆಟಿಯರ್ (ಊರುಗಳ ವಿವರಕೋಶ) ಆಗ ಕೈಹಿಡಿಯಿತು. ಊರು ಯಾವ ಕೌಂಟಿಯಲ್ಲಿದೆ, ರೈಲ್ವೆ ಸ್ಟೇಷನ್ ಎಷ್ಟು ಮೈಲಿ, ಅಂಚೆ ಯಾವ ಪೇಟೆಯ ಮೂಲಕ, ಎಷ್ಟು ಎಕರೆ, ಎಷ್ಟು ಮನೆ, ಚರ್ಚ್ ಎಂಥದ್ದು ಅಂತೆಲ್ಲಾ ಚಿಕ್ಕ ಚಿಕ್ಕ ಸಾಲುಗಳಲ್ಲಿದೆ. ಓದುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗದು! ಕಾಗದದಲ್ಲಿ ಟಾವಿಸ್ಟಾಕ್ ಪೇಟೆಯ ಹೆಸರೂ ಇತ್ತು. ಅದರ ಪಕ್ಕದ್ದು ಡೆವನ್‌ನ ವಿಟ್‌ಚರ್ಚ್. ಊರು ಸಿಕ್ಕಿತು, ತುಂಬಾ ಖುಷಿಯಾಯಿತು.

ಒಂದು ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯಲ್ಲಿ, ಹಲವು ಹಳ್ಳಿಗಳಿರಬಹುದು. ಹಳ್ಳಿ ಸಿಗದಿದ್ದರೆ ಪ್ಯಾರಿಷ್ ಹೆಸರಲ್ಲಿ ಹುಡುಕಿ. ಸಣ್ಣ ಊರುಗಳಿಗೆ 1887ರ ಬಾರ್ಥಲೋಮ್ಯೂ ಗೆಜೆಟಿಯರನ್ನೂ ನೋಡಿ, ಅದೂ ಇಲ್ಲೇ ಇದೆ. ಆದರೆ ಇದು ಊರುಗಳ ಲೆಕ್ಕ, ಜನರದ್ದಲ್ಲ. ದೀಕ್ಷಾಸ್ನಾನ, ಮದುವೆಯ ಹಳೇ ರಿಜಿಸ್ಟರ್‌ಗಳಿಗೆ ಆಯಾ ಕೌಂಟಿಯ ದಾಖಲೆ ಕಚೇರಿಗೆ ಬರೆಯಬಹುದು.